ದೀಪದ ವಾಚಾಳತನ

ನಮ್ಮ ನಡುಮನೆಗೆ ಹಳೆಯ ಶಿಷ್ಯನೊಬ್ಬನು ನಿಸ್ತಂತು ದೀಪವೊಂದನ್ನು ತಾನೇ ಜೋಡಿಸಿ ಕೊಟ್ಟಿದ್ದನು. ಕತ್ತಲಲ್ಲಿ ಯಾರಾದರೂ ಸುಳಿದರೆ ತಾನಾಗಿ ಬೆಳಗುವುದು ಅದರ ಧರ್ಮ. ಈಚೆಗೆ ಅದು ತಡವರಿಸತೊಡಗಿತು. ಒಂದು ರಾತ್ರಿ ನಮ್ಮ ಮನೆಯಾಕೆ ಹೊಸ್ತಿಲನ್ನೆಡವಿ ಮೊಣಕಾಲಿಗೆ ಪೆಟ್ಟುಮಾಡಿಕೊಂಡಳು. ದೀಪವು ಬೆಳಗಿದ್ದು ಆಕೆ ಬಿದ್ದ ಮೇಲೆ!

ನಾವು ವೈಫೈಯನ್ನು ಶಂಕಿಸಿದೆವು. ಶಿಷ್ಯನು ಬಂದು ಕಂಪ್ಯೂಟರಿಗೆ ತಂತಿ ಹೂಡಿ ನೋಡಲು, ಕಾರಣವೇ ಬೇರೆ. ಹಿಂದಿನ ತಿಂಗಳು ಯಾವುದೋ ದೋಷವನ್ನು ಹುಡುಕಲು ಅವನೇ ವರದಿಯ ಮಟ್ಟವನ್ನು ‘ಡೀಬಗ್’ಗೆ ಏರಿಸಿ, ಇಳಿಸಲು ಮರೆತಿದ್ದನು. ಅಂದಿನಿಂದ ದೀಪವು ತನ್ನ ಪ್ರತಿಯೊಂದು ಚಲನವಲನವನ್ನೂ ಒದರುತ್ತಿತ್ತು. ವರದಿ ಹೊರಡುವ ವೇಗ ಸೆಕೆಂಡಿಗೆ ೧,೧೫,೨೦೦ ಬಿಟ್. ಅಕ್ಷರಕ್ಕೆ ೧೦ ಬಿಟ್ಟಿನಂತೆ ೧೧,೫೨೦ ಅಕ್ಷರಗಳು ಮಾತ್ರ ಸಾಗುವುವು. ಮಾತು ಅದನ್ನು ಮೀರಿದಾಗ, ಬೆಳಗುವ ಕೆಲಸವು ಮಾತು ಮುಗಿಯಲೆಂದು ಕಾಯುತ್ತಿತ್ತು.

“ಅದರ ಬಾಯಿ ಮುಚ್ಚಿಸಿಬಿಡಪ್ಪ” ಎಂದೆವು.

“ಬೇಡಿ ಮೇಷ್ಟ್ರೇ, ತಪ್ಪಾದರೆ ಹೇಳುವಷ್ಟು ಬಾಯಿ ಇರಲಿ” ಎಂದು ಅವನು ಮಟ್ಟವನ್ನು ‘ಎಚ್ಚರಿಕೆ’ಗೆ ಇಳಿಸಿದನು. ದೀಪವು ಮೊದಲಿನಂತೆ ಕ್ಷಣದಲ್ಲಿ ಬೆಳಗಿತು.

ಸೂತ್ರಗಳ ಲಾಘವವನ್ನು ಮಕ್ಕಳಿಗೆ ಪಾಠ ಹೇಳಿ ತಲೆ ನರೆತವರು ನಾವು. ಆದರೂ ಆ ರಾತ್ರಿ, ಬಿದ್ದವಳನ್ನು ಎತ್ತುವುದಕ್ಕೆ ಮೊದಲು, “ನೋಡಿ ನಡೆಯಬಾರದೆ?” ಎಂದು ಉಪದೇಶ ಮಾಡಿದ್ದೆವು. ಮಾತು ಮುಗಿಸಿಕೊಂಡು ಕೆಲಸಕ್ಕೆ ಬಂದದ್ದು ದೀಪವೊಂದೇ ಅಲ್ಲವಷ್ಟೆ.