ಬಟವಾಡೆ ದಿನ ಕೈಬಿಡದ ಹಳೇ ಲ್ಯಾಪ್‌ಟಾಪು

"ಅಮ್ಮಾ, ಈ ಇಟ್ಟಿಗೆನ ಗುಜರಿಗೆ ಹಾಕು" ಅಂತ ಹಾಸನದಲ್ಲಿ ಪಿಯುಸಿ ಓದೋ ಮಗಳು ರಜೆಗೆ ಬಂದಾಗಲೆಲ್ಲಾ ಹೇಳ್ತಾಳೆ. ಅವಳು ಹೇಳೋ ಇಟ್ಟಿಗೆ ನನ್ನ ಥಿಂಕ್‌ಪ್ಯಾಡ್ ಟಿ420. 2011ರ ಮಾಡೆಲ್. 2016ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 14 ಸಾವಿರಕ್ಕೆ ತಂದದ್ದು. ಕಂಪನಿಗಳು ಕೆಲವು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುವ ಇಂಥವು ಅಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಸಿಗುತ್ತವೆ. ಕಪ್ಪಗೆ, ದಪ್ಪಗೆ, ಎರಡು ಕೆ.ಜಿ.ಗೂ ಮೇಲೆ ತೂಕ.

ಆಲೂರಿನ ಈ ಕಡೆ ನಮ್ಮದು ನಾಲ್ಕೆಕರೆ ಕಾಫಿ ತೋಟ. ಅದರ ಜೊತೆ ಪಕ್ಕದ ಎರಡು ತೋಟಗಳ ಚೆಕ್‌ರೋಲ್ ಬರೆಯೋದೂ ನಾನೇ. ಯಾರು ಎಷ್ಟು ದಿನ ಬಂದರು, ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಮುಂಗಡ ಎಷ್ಟು ಹೋಯಿತು, ಮಳೆ ಎಷ್ಟು ಇಂಚು ಬಿತ್ತು, ಎಲ್ಲಾ ಇದರಲ್ಲೇ. ಬಟವಾಡೆ ದಿನ ಇದು ಏಳದಿದ್ದರೆ ಹದಿನೈದು ಮನೆಗಳ ಸಂತೆ ನಿಲ್ಲುತ್ತೆ. ಹಾಗಾಗಿ ಇದರ ಆರೈಕೆ ನನಗೆ ಶೋಕಿಯಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಬೂಷ್ಟು. ಕೆಲಸ ಇಲ್ಲದಿದ್ದರೂ ಲ್ಯಾಪ್‌ಟಾಪನ್ನು ದಿನಾ ಒಂದು ಗಂಟೆ ಆನ್ ಮಾಡಿಡ್ತೀನಿ, ಅದರ ಕಾವಿಗೇ ಒಳಗಿನ ತೇವ ಆರುತ್ತೆ. ತಣ್ಣಗಾದ ಮೇಲೆ ದೊಡ್ಡ ಸ್ಟೀಲ್ ಡಬ್ಬದೊಳಗೆ. ಶೂ ಡಬ್ಬಿಗಳಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಲೆ ಪಕ್ಕ ಬೆಚ್ಚಗೆ ಒಣಗಿಸಿ ಜೊತೆಗಿಡ್ತೀನಿ. ಕೀಬೋರ್ಡಿಗೆ ಬಿದ್ದ ನೀರು ಕೆಳಕ್ಕೆ ಹರಿದುಹೋಗಲು ಇದರಲ್ಲಿ ತೂತುಗಳಿವೆ. ಹೆಂಚು ಸೋರೋ ಮನೆಗೆ ಇದು ಸಣ್ಣ ಉಪಕಾರವಲ್ಲ. ಕರೆಂಟು ಹೋದರೆ ಪರದೆಯ ಮೇಲ್ತುದಿಯ ಪುಟ್ಟ ದೀಪ ಕೀಲಿಗಳ ಮೇಲೆ ಬೆಳಕು ಚೆಲ್ಲುತ್ತೆ.

ಮಳೆ ಬಿಟ್ಟು ಕೊಯ್ಲು ಶುರುವಾಗೋ ಮೊದಲು ಒಂದು ಮಧ್ಯಾಹ್ನ ಇದಕ್ಕೇ ಮೀಸಲು. ಬ್ಯಾಟರಿ ತೆಗೆಯಲು ಕೈ ಸಾಕು. ಅಡಿಯ ಸ್ಕ್ರೂ ಬಿಚ್ಚಿ ಕೀಬೋರ್ಡ್ ಎತ್ತಿ, ಬ್ರಶ್ಶಿನಿಂದ ಧೂಳು ತೆಗೀತೀನಿ. ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರ ಸಮೇತ ತೋರಿಸೋ ಕೈಪಿಡಿಯನ್ನು ಕಂಪನಿಯೇ ಕೊಟ್ಟಿದೆ. ಅದನ್ನು ನೋಡಿಕೊಂಡೇ ರ್ಯಾಮ್ ಹೆಚ್ಚಿಸಿದೆ, ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದೆ. ಬ್ಯಾಟರಿ ಎರಡು ಸಲ ಬದಲಾಯಿತು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಕೆಟ್ಟರೆ ಹಾಸನಕ್ಕೋ ಬೆಂಗಳೂರಿಗೋ ಹೊರಬೇಕು, ವಾರಗಟ್ಟಲೆ ಕಾಯಬೇಕು. ಕೊಯ್ಲಿನ ಸಮಯದಲ್ಲಿ ಅದು ಆಗೋ ಮಾತಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಮಗಳ ಮಾತಿಗೆ ತೂಕ ಬಂತು. ವಿಂಡೋಸ್ 11ಕ್ಕೆ ಬೇಕಾದ ಪ್ರೊಸೆಸರ್ ಇದರಲ್ಲಿಲ್ಲ. ಹೊಸದಕ್ಕೆ ಐವತ್ತು ಸಾವಿರ, ಅವಳ ಹಾಸ್ಟೆಲ್ ಫೀಸಿನ ಕಂತೂ ಎದುರಿಗಿತ್ತು. ದೀಪಾವಳಿಗೆ ಬಂದ ಅಕ್ಕನ ಮಗ "ಚಿಕ್ಕಮ್ಮ, ಲಿನಕ್ಸ್ ಮಿಂಟ್ ಹಾಕಿ ನೋಡೋಣ, ದುಡ್ಡೇನೂ ಇಲ್ಲ" ಅಂದ. ಮೊದಲು ಎರಡು ಪೆನ್‌ಡ್ರೈವಿಗೆ ಎಲ್ಲಾ ನಕಲು ಮಾಡಿಕೊಂಡೆವು. ಎಕ್ಸೆಲ್ ಲೆಕ್ಕಗಳು ಲಿಬ್ರೆ ಆಫೀಸಿನಲ್ಲಿ ತೆರೆದುಕೊಂಡವು. ಆದರೆ ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ್ದ ಆಳುಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಂಡವು. ಎರಡು ರಾತ್ರಿ ಕೂತು ಯುನಿಕೋಡಿಗೆ ಬದಲಿಸಿ, ಒಂದೊಂದು ಹೆಸರನ್ನೂ ಕಾಗದದ ಚೆಕ್‌ರೋಲ್ ಜೊತೆ ತಾಳೆ ನೋಡಿದೆ. ಒಂದು ಹೆಸರು ತಪ್ಪಿದರೆ ಒಬ್ಬರ ಕೂಲಿ ತಪ್ಪುತ್ತಲ್ಲ.

ಇದರ ಮದರ್‌ಬೋರ್ಡ್ ಒಂದಲ್ಲ ಒಂದು ದಿನ ಹೋಗೇ ಹೋಗುತ್ತೆ, ಅದೂ ಗೊತ್ತು. ಅದಕ್ಕೇ ಪ್ರತಿ ಬಟವಾಡೆಯ ಪ್ರಿಂಟು ಫೈಲಿಗೆ, ನಕಲು ಪೆನ್‌ಡ್ರೈವಿಗೆ ಹೋಗುತ್ತೆ. ಮುಂದೊಂದು ಕೊಳ್ಳೋದಾದರೂ ಅಂಗಡಿಯವರನ್ನ ನಾನು ಮೊದಲು ಕೇಳೋದು ಒಂದೇ: "ಇದನ್ನ ಮನೇಲಿ ಬಿಚ್ಚೋಕಾಗುತ್ತಾ?"