ವಿಂಡರ್ಮಿಯರ್‌ನಲ್ಲಿ ಒಂದು ಮೈಲಿ

ನನಗೆ ಈಜು ಕಲಿಸಿದವನು ಅಣ್ಣ. ತೋಟದ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, "ಕಾಲು ಬಡಿಯೋ!" ಎಂದು ಮೆಟ್ಟಿಲ ಮೇಲಿಂದ ಗದರಿಸುತ್ತಿದ್ದ. ಆ ಅಣ್ಣನ ಕೈಯಿಂದ ಮೊದಲು ಕಾಫಿಯ ಲೋಟ ಜಾರಿತು. ಅನಂತರ ಕಾಲು ಸೋತವು. ಕೊನೆಗೆ ಮಾತೂ ನಿಂತಿತು. ಮೋಟಾರ್ ನ್ಯೂರಾನ್ ವ್ಯಾಧಿ ಎಂದರು ವೈದ್ಯರು. ಸ್ನಾಯುಗಳಿಗೆ ಮಿದುಳಿನ ಅಪ್ಪಣೆಯನ್ನು ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆಯಂತೆ. ಅಣ್ಣನ ಬುದ್ಧಿಗೆ ಮಾತ್ರ ಒಂದಿಷ್ಟೂ ಮಂಕು ಕವಿದಿಲ್ಲ. ಕರುಳು ಹಿಂಡುವುದು ಅದೇ. ಫ್ರಾನ್ಸಿನ ಶಾರ್ಕೋ ಈ ರೋಗವನ್ನು ವಿವರಿಸಿದ್ದು 1869ರಲ್ಲಿ. ರಿಲುಜೋಲ್ ಎಂಬ ಮಾತ್ರೆ ಕೆಲವು ತಿಂಗಳುಗಳ ಆಯುಸ್ಸನ್ನು ಕೂಡಿಸಬಹುದು. ಗುಣಪಡಿಸುವ ಮದ್ದು ಇನ್ನೂ ಇಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು, ಇದರ ಸಂಶೋಧನೆಗೆ ಹಣ ಕೂಡಿಸಲೆಂದು ಗ್ರೇಟ್ ನಾರ್ತ್ ಸ್ವಿಮ್‌ಗೆ ಹೆಸರು ಕೊಟ್ಟೆ. 2008ರಲ್ಲಿ ಆರಂಭವಾದ ಈ ಈಜು ನಡೆಯುವುದು ಆ ನಾಡಿನ ಅತಿ ದೊಡ್ಡ ಸರೋವರವಾದ ವಿಂಡರ್ಮಿಯರ್‌ನಲ್ಲಿ. "ಐವತ್ತು ದಾಟಿದ ಮೇಲೆ ಈ ಹುಚ್ಚೇಕೆ?" ಎಂದ ನನ್ನ ಗೃಹಿಣಿಯೇ ಪಟ್ಟಿಯ ಮೊದಲಲ್ಲಿ ಇಪ್ಪತ್ತು ಪೌಂಡು ಬರೆದಳು!

ಜೂನ್ ತಿಂಗಳಾದರೂ ನೀರು ರಬ್ಬರು ಕವಚದೊಳಗೂ ಕೊರೆಯುತ್ತಿತ್ತು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿತು. ಬಾವಿಯ ಮೆಟ್ಟಿಲ ಗದರಿಕೆ ನೆನಪಾಯಿತು, ಕಾಲು ಬಡಿದೆ.

ದಡ ಸೇರಿ, ನಡುಗುವ ಕೈಯಲ್ಲೇ ಮೈಸೂರಿಗೆ ವಿಡಿಯೋ ಕರೆ ಮಾಡಿದೆ. ಅಣ್ಣ ರೆಪ್ಪೆಯನ್ನು ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ.

"ಅಣ್ಣಾ, ಕಾಲು ಸರಿಯಾಗಿ ಬಡಿದೆನೇ?"

ಅವನು ಎರಡು ಸಲ ಮುಚ್ಚಿದ.