ಸ್ಪ್ಯಾನಿಷ್ ಡೈರಿ, ಭಾಗ 7: ಅಮ್ಮನ ದಿನದಲ್ಲಿ 'ಸೆ' ಎಲ್ಲಿ?

ಫೋಟೋಲಿ ಇರೋದು ನನ್ನ ಹೋಂವರ್ಕ್. ಆರು ವಾಕ್ಯ, ಐದು ಕೆಂಪು ಪ್ರಶ್ನೆ ಚಿಹ್ನೆ. ಆದ್ರೆ ಒಂದೂ ತಪ್ಪಿಲ್ಲ. ಕಥೆ ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ.

ಹೊಸಬರಿಗೆ: ನಾನು ಬಿಕಾಂ ಎರಡನೇ ವರ್ಷ. ಭಾನುವಾರ ಸ್ಪ್ಯಾನಿಷ್ ಕ್ಲಾಸಿಗೆ ಹೋಗ್ತೀನಿ. ಅಕೌಂಟ್ಸ್ ಜೊತೆ ಒಂದು ವಿದೇಶಿ ಭಾಷೆ ಬಂದ್ರೆ ಕೆಲಸಕ್ಕೆ ಒಳ್ಳೇದು ಅಂತ ಸೀನಿಯರ್ ಒಬ್ರು ಹೇಳಿದ್ರು. ಫೀಸು ಅಮ್ಮನ ಚೀಟಿ ದುಡ್ಡು.

ಈ ತಿಂಗಳು ನಡೀತಿರೋದು ರಿಫ್ಲೆಕ್ಸಿವ್ ಕ್ರಿಯಾಪದಗಳು. ಕೆಲಸ ಮಾಡೋದೂ ನಾವೇ, ಆ ಕೆಲಸ ಆಗೋದೂ ನಮಗೇ. ನಿಘಂಟಲ್ಲಿ ಇಂಥ ಪದದ ಬಾಲಕ್ಕೆ ಒಂದು 'ಸೆ' ಅಂಟಿಕೊಂಡಿರುತ್ತೆ. 'ಲಬಾರ್' ಅಂದ್ರೆ ತೊಳೆಯೋದು, 'ಲಬಾರ್ಸೆ' ಅಂದ್ರೆ ತೊಳ್ಕೊಳ್ಳೋದು. ವಾಕ್ಯ ಮಾಡುವಾಗ ಆ 'ಸೆ' ಬಾಲ ಬಿಟ್ಟು ಮುಂದಕ್ಕೆ ಬರುತ್ತೆ, ಮಾಡೋರು ಯಾರು ಅನ್ನೋದರ ಮೇಲೆ ರೂಪಾನೂ ಬದಲಾಯಿಸುತ್ತೆ:

ನಾನು: ಮೆ ಲಾಬೊ
ನೀನು: ತೆ ಲಾಬಾಸ್
ಅವನು, ಅವಳು: ಸೆ ಲಾಬಾ
ನಾವು: ನೋಸ್ ಲಾಬಾಮೋಸ್
ನೀವೆಲ್ಲ: ಓಸ್ ಲಾಬಾಯಿಸ್
ಅವರು: ಸೆ ಲಾಬಾನ್

'ಓಸ್' ಕೇಳಿಸೋದು ಸ್ಪೇನಲ್ಲಿ. ಲ್ಯಾಟಿನ್ ಅಮೆರಿಕದಲ್ಲಿ 'ನೀವೆಲ್ಲ' ಅನ್ನೋಕೂ 'ಸೆ ಲಾಬಾನ್' ಸಾಕು.

ಕಷ್ಟ ಏನಂದ್ರೆ ಎರಡು ಕಡೆ ಬದಲಾಗಬೇಕು. ಮುಂದಿನ ಚಿಕ್ಕ ಪದಾನೂ, ಕ್ರಿಯಾಪದದ ಕೊನೇನೂ. ನಾನು ಎರಡು ವಾರ 'ಸೆ ಲಾಬೊ', 'ಸೆ ಲಾಬೊ' ಅಂತಿದ್ದೆ. ಡೆಬಿಟ್ ಹಾಕಿ, ಕ್ರೆಡಿಟ್ ಹಾಕೋದು ಮರೆತು ಟ್ರಯಲ್ ಬ್ಯಾಲೆನ್ಸ್ ಯಾಕೆ ಟ್ಯಾಲಿ ಆಗ್ತಿಲ್ಲ ಅಂತ ತಲೆ ಕೆರ್ಕೊಂಡ ಹಾಗೆ.

ಕೊನೆಗೆ ಕೈ ಹಿಡಿದಿದ್ದು ಕನ್ನಡ. ತೊಳಿ, ತೊಳ್ಕೋ. ಬಾಚು, ಬಾಚ್ಕೋ. ನಮ್ಮ 'ಕೊಳ್ಳು' ಎಷ್ಟೋ ಕಡೆ ಅವರ 'ಸೆ' ಮಾಡೋ ಕೆಲಸಾನೇ ಮಾಡುತ್ತೆ. 'ಮೆ ಲಾಬೊ ಲಾಸ್ ಮಾನೋಸ್', ಕೈ ತೊಳ್ಕೋತೀನಿ. ಇಂಗ್ಲಿಷಲ್ಲಾದ್ರೆ 'ನನ್ನ' ಕೈ ಅಂತ ಹೇಳಲೇಬೇಕು. ಸ್ಪ್ಯಾನಿಷಲ್ಲೂ ಬೇಡ, ನಮಗೂ ಬೇಡ. ತೊಳ್ಕೊಂಡೆ ಅಂದ್ಮೇಲೆ ಇನ್ಯಾರ ಕೈ?

ಆದ್ರೆ ಎಲ್ಲಾ ಕಡೆ ನಂಬಬೇಡಿ. ಬೆಳಗ್ಗೆ ಏಳೋದು ಅವರಿಗೆ 'ಲೆಬಾಂತಾರ್ಸೆ', ನಮಗೆ ಬರೀ 'ಎದ್ದೆ'. ನಾವು 'ಓದ್ಕೋತಿದೀನಿ' ಅಂತೀವಿ, ಅವರ 'ಎಸ್ತುದಿಯಾರ್'ಗೆ 'ಸೆ' ಇಲ್ಲ.

ಈಗ ಹೋಂವರ್ಕಿಗೆ ಬರ್ತೀನಿ. ಮನೆಯವರೊಬ್ಬರ ದಿನಚರಿ, ಆರು ವಾಕ್ಯ, ಹೊಸ ಕ್ರಿಯಾಪದ ಬಳಸಿ. ಸುಲಭ ಅಂದ್ಕೊಂಡು ಅಮ್ಮನ ಬಗ್ಗೆ ಬರೆಯೋಕೆ ಕೂತೆ.

'ಮಿ ಮಾದ್ರೆ ಸೆ ಲೆಬಾಂತಾ ಆ ಲಾಸ್ ಸಿಂಕೊ.' ಅಮ್ಮ ಐದಕ್ಕೆ ಏಳ್ತಾಳೆ.

ಆಮೇಲೆ? ಹೋದ ವರ್ಷ ಅಜ್ಜಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ಳು. ಈಗ ಅವಳ ಕೈಲಿ ಒಬ್ಬಳೇ ಏನೂ ಮಾಡ್ಕೊಳ್ಳೋಕೆ ಆಗಲ್ಲ. ಹಾಗಾಗಿ ಕಣ್ಣಿಗೆ ಬಿದ್ದಿದ್ದನ್ನೇ ಬರೆದೆ. ಅಮ್ಮ ಅಜ್ಜೀನ ಎಬ್ಬಿಸ್ತಾಳೆ: ದೆಸ್ಪಿಯೆರ್ತಾ. ಮಂಚದ ಮೇಲೆ ಕೂರಿಸ್ತಾಳೆ: ಸಿಯೆಂತಾ. ಸ್ನಾನ ಮಾಡಿಸ್ತಾಳೆ: ಬಾನ್ಯಾ. ಬಟ್ಟೆ ಉಡಿಸ್ತಾಳೆ: ಬಿಸ್ತೆ. ತಲೆ ಬಾಚ್ತಾಳೆ: ಪೇಯ್ನಾ.

ಒಂದರಲ್ಲೂ 'ಸೆ' ಇಲ್ಲ. ಬೇರೆಯವರಿಗೆ ಮಾಡೋ ಕೆಲಸಕ್ಕೆ 'ಸೆ' ಬರಲ್ಲ.

ಮೇಡಂ ನಾನು ಮರೆತೆ ಅಂದ್ಕೊಂಡು ಐದಕ್ಕೂ ಪ್ರಶ್ನೆ ಚಿಹ್ನೆ ಹಾಕಿ, "ಸೆ ಎಲ್ಲಿ?" ಅಂದ್ರು. "ಇಲ್ಲ ಮೇಡಂ, ಇದೆಲ್ಲಾ ಅಜ್ಜಿಗೆ ಮಾಡೋದು" ಅಂದೆ. ಅವರು ಇನ್ನೊಂದ್ಸಲ ಓದಿ, ಪಕ್ಕದಲ್ಲಿ ಐದು ರೈಟ್ ಹಾಕಿದ್ರು. ಆಮೇಲೆ, "ಸರಿ, ಅಮ್ಮ ತನಗೆ ತಾನು ಮಾಡ್ಕೊಳ್ಳೋದು ಐದು ಬರ್ಕೊಂಡು ಬನ್ನಿ" ಅಂದ್ರು.

ವಾಪಸ್ ಬರ್ತಾ ಬಸ್ಸಲ್ಲಿ ಯೋಚನೆ ಮಾಡಿದೆ. ಅಮ್ಮ ಸ್ನಾನ ಮಾಡ್ತಾಳೆ, ತಲೆ ಬಾಚ್ಕೋತಾಳೆ. ಗೊತ್ತು. ಆದ್ರೆ ಯಾವಾಗ? ಒಂದೇ ಮನೇಲಿ ಇಪ್ಪತ್ತು ವರ್ಷ ಇದ್ದೀನಿ, ಆ ವಾಕ್ಯಕ್ಕೆ ಟೈಮ್ ತುಂಬೋಕೆ ನನ್ನ ಕೈಲಿ ಆಗ್ಲಿಲ್ಲ.

ಮನೆಗೆ ಬಂದು ಕೇಳಿದೆ. "ಅಮ್ಮಾ, ನೀನು ಸ್ನಾನ ಎಷ್ಟೊತ್ತಿಗೆ ಮಾಡ್ತೀಯಾ?"

"ನೀವೆಲ್ಲಾ ಹೋದ್ಮೇಲೆ. ಯಾಕೆ, ಬಿಸಿನೀರು ಸಾಲ್ದಾಯ್ತಾ?"

"ಕೂತ್ಕೊಳ್ಳೋದು?"

ನಕ್ಕುಬಿಟ್ಟು ಕುಕ್ಕರ್ ಇಳಿಸೋಕೆ ಹೋದ್ಳು.

ಅಜ್ಜಿ ಸ್ನಾನ ನನ್ನ ಕೈಲಿ ಆಗಲ್ಲ, ಎತ್ತೋಕೆ ಅಭ್ಯಾಸ ಬೇಕು. ಆದ್ರೆ ಬಾಚಣಿಗೆ ಹಿಡಿಯೋಕೆ ಬರುತ್ತೆ. ಸೋಮವಾರದಿಂದ ಅಜ್ಜಿ ತಲೆ ನಂದು. ಮೊದಲನೇ ದಿನ "ಮೆಲ್ಲಗೆ, ಮೆಲ್ಲಗೆ, ಇರೋದೇ ನಾಕು ಕೂದಲು" ಅಂತ ಬೈಸ್ಕೊಂಡೆ. 'ಯೊ ಪೇಯ್ನೊ ಆ ಮಿ ಅಬ್ವೆಲಾ.' ನನ್ನ ಸಾಲಲ್ಲೂ 'ಸೆ' ಇಲ್ಲದ ಒಂದು ವಾಕ್ಯ ಬಂತು.

ಬುಧವಾರ ಜಡೆ ಹಾಕ್ತಾ ಬಾಗಿಲ ಕಡೆ ನೋಡಿದೆ. ಅಮ್ಮ ಕಾಫಿ ಲೋಟ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತ್ಕೊಂಡಿದ್ಳು. ಐದು ನಿಮಿಷ ಇರಬಹುದು. ಕಾಫಿ ಬಿಸಿ ಇತ್ತು.

'ಮಿ ಮಾದ್ರೆ ಸೆ ಸಿಯೆಂತಾ.'

ಒಂದಾಯ್ತು. ಭಾನುವಾರದ ಒಳಗೆ ಇನ್ನೂ ನಾಲ್ಕು ಬೇಕು.

ನಿಮ್ಮನೇಲೂ ಯಾರಾದ್ರೂ ಒಬ್ರ ದಿನ ಆರು ವಾಕ್ಯದಲ್ಲಿ ಬರೆದು ನೋಡಿ. ಕನ್ನಡದಲ್ಲೇ ಸಾಕು. ಎಷ್ಟು 'ಕೊಂಡ್ಳು', ಎಷ್ಟು 'ಇಸಿದ್ಳು' ಬಂತು ಅಂತ ಕಾಮೆಂಟಲ್ಲಿ ಹಾಕಿ.

ಭಾಗ 8 ಮುಂದಿನ ವಾರ. ಆಸ್ತಾ ಲುಯೇಗೊ!

#ಸ್ಪ್ಯಾನಿಷ್‌ಡೈರಿ #ಬಿಕಾಂಬದುಕು